ಹ ಜ ಕ ಲ: ವಿಮ್ ಎಂಬ ಎಡಿಟರಿನ ಒಂದು ಓದು

ಕೀಲಿಮಣೆ ಕನ್ನಡದಲ್ಲಿದ್ದಾಗ ವಿಮ್ ಎಡಿಟರಿನಲ್ಲಿ ಒಂದು ಪದವನ್ನು ಅಳಿಸಲು ಹೋದರೆ ಏನೂ ಆಗುವುದಿಲ್ಲ. ಡಿ ಒತ್ತಿ ಡಬ್ಲ್ಯು ಒತ್ತಿದರೆ ಕರ್ಸರಿನ ಮುಂದಿರುವ ಪದ ಮಾಯವಾಗಬೇಕು, ಅದು ಅಲ್ಲಿನ ನಿಯಮ. ಆದರೆ ಕೆ.ಪಿ. ರಾವ್ ವಿನ್ಯಾಸದಲ್ಲಿ ಡಿ ಎಂದರೆ ದ, ಡಬ್ಲ್ಯು ಎಂದರೆ ಡ. ಎಡಿಟರಿಗೆ ತಲುಪುವುದು ‘ದಡ’ ಎಂಬ ಎರಡಕ್ಷರ. ಅದು ಯಾವ ದಡ ಎಂದು ಅದಕ್ಕೆ ತಿಳಿಯುವುದಿಲ್ಲ. ಬೀಪ್ ಎನ್ನುತ್ತದೆ, ಸುಮ್ಮನಾಗುತ್ತದೆ.

ನಾನು ಹನ್ನೆರಡು ವರ್ಷಗಳಿಂದ ಅನುವಾದ, ಕರಡು ತಿದ್ದುವಿಕೆ ಎಲ್ಲವನ್ನೂ ಇದರಲ್ಲೇ ಮಾಡುತ್ತಿದ್ದೇನೆ. (ಪಾತ್ರೆ ತೊಳೆಯುವ ವಿಮ್ ಅಲ್ಲ, ಆದರೆ ಆ ಹೋಲಿಕೆ ಈ ಬರಹದಲ್ಲಿ ಮುಂದೆ ನನ್ನನ್ನು ಸ್ವಲ್ಪ ಚುಚ್ಚಲಿದೆ.) ಪುಸ್ತಕಗಳನ್ನು ಓದಿ ಬರೆಯುವುದು ನನಗೆ ರೂಢಿ. ಆ ಪುಸ್ತಕಗಳು ಯಾವುದರೊಳಗೆ ಟೈಪಾಗುತ್ತವೋ ಅದನ್ನು ಯಾಕೆ ಓದಬಾರದು? ಅದಕ್ಕೂ ಒಂದು ಪಠ್ಯವಿದೆ. ಬಳಸುವವರು ತಮಗೆ ಬೇಕಾದಂತೆ ಬರೆದುಕೊಳ್ಳುವ ಸೆಟ್ಟಿಂಗ್ಸ್ ಕಡತ ಒಂದು, ಅದನ್ನು ಬರೆಯದಿದ್ದರೆ ತಾನಾಗಿ ಜಾರಿಯಲ್ಲಿರುವ ಡಿಫಾಲ್ಟ್‌ಗಳು ಇನ್ನೊಂದು. ನನ್ನ ಕಡತ ಇನ್ನೂರು ಸಾಲು ದಾಟಿದೆ. ನಾನು ಬರೆದದ್ದರಲ್ಲಿ ಅತಿ ಹೆಚ್ಚು ಸಲ ತಿದ್ದಿದ ಬರಹ ಬಹುಶಃ ಅದೇ.

ಗೊತ್ತಿಲ್ಲದವರಿಗೆ ಎರಡು ಮಾತು. ವಿಮ್‌ಗೆ ಮುಖ್ಯವಾಗಿ ಎರಡು ಸ್ಥಿತಿಗಳಿವೆ. ಒಂದರಲ್ಲಿ ಒತ್ತಿದ ಅಕ್ಷರ ಅಕ್ಷರವಾಗಿಯೇ ಪುಟಕ್ಕೆ ಬೀಳುತ್ತದೆ. ಇನ್ನೊಂದರಲ್ಲಿ ಪ್ರತಿ ಅಕ್ಷರವೂ ಒಂದು ಆಜ್ಞೆ. ತೆರೆದಾಗ ನಾವಿರುವುದು ಆಜ್ಞೆಯ ಸ್ಥಿತಿಯಲ್ಲಿ. ಹಾಗಾಗಿ ಹೊಸಬರು ತಮ್ಮ ಹೆಸರು ಟೈಪ್ ಮಾಡಲು ಹೋಗಿ ಏನೇನೋ ಅಳಿಸಿಕೊಂಡು, ಹೊರಬರುವ ದಾರಿಯೂ ತಿಳಿಯದೆ ಕಂಪ್ಯೂಟರನ್ನೇ ಆರಿಸಿದ ಕಥೆಗಳು ಬೇಕಾದಷ್ಟಿವೆ. ಆಜ್ಞೆಯ ಸ್ಥಿತಿಯಲ್ಲಿ ಎಡಕ್ಕೆ ಹೋಗಲು ಎಚ್, ಕೆಳಕ್ಕೆ ಜೆ, ಮೇಲಕ್ಕೆ ಕೆ, ಬಲಕ್ಕೆ ಎಲ್. ನಮ್ಮ ಕೀಲಿಮಣೆಯಲ್ಲಿ ಅವು ಹ, ಜ, ಕ, ಲ.

ಈ ನಾಲ್ಕೇ ಯಾಕೆ? ವಿಮ್‌ನ ಪೂರ್ವಜ ವಿಐ ಎಡಿಟರನ್ನು 1976ರ ಸುಮಾರಿಗೆ ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದಾಗ ಅವರೆದುರಿಗಿದ್ದದ್ದು ಎಡಿಎಂ-3ಎ ಎಂಬ ಟರ್ಮಿನಲ್. ಅದರಲ್ಲಿ ಬಾಣದ ಗುರುತುಗಳಿಗೆ ಪ್ರತ್ಯೇಕ ಕೀಲಿಗಳಿರಲಿಲ್ಲ. ಈ ನಾಲ್ಕು ಅಕ್ಷರಗಳ ಕೀಲಿಗಳ ಮೇಲೆಯೇ ಬಾಣಗಳನ್ನು ಅಚ್ಚು ಹಾಕಿದ್ದರು. ಈಗ ಟ್ಯಾಬ್ ಇರುವ ಜಾಗದಲ್ಲಿ ಎಸ್ಕೇಪ್ ಇತ್ತು. ಹಾಗಾಗಿ ಎಸ್ಕೇಪ್ ಒತ್ತಿ ಸ್ಥಿತಿ ಬದಲಿಸುವುದು ಕಿರುಬೆರಳಿನ ಸಣ್ಣ ಕೆಲಸವಾಗಿತ್ತು. ಟರ್ಮಿನಲ್ ಹೋಯಿತು, ಎಸ್ಕೇಪ್ ಮೂಲೆಗೆ ಸರಿಯಿತು. 1991ರಲ್ಲಿ ಬ್ರಾಮ್ ಮೂಲೆನಾರ್ ವಿಮ್ ಬಿಡುಗಡೆ ಮಾಡುವ ಹೊತ್ತಿಗೆ ಆ ನಾಲ್ಕು ಕೀಲಿಗಳು ಸಂಪ್ರದಾಯವಾಗಿದ್ದವು. ಡಿಫಾಲ್ಟ್ ಎಂದರೆ ‘ಸಹಜ’ ಎಂದು ನಾವು ಓದಿಕೊಳ್ಳುತ್ತೇವೆ. ಇದು ಒಬ್ಬ ಮನುಷ್ಯನ ಮೇಜಿನ ಮೇಲಿದ್ದ ಒಂದು ಯಂತ್ರದ ನೆನಪು, ಅಷ್ಟೇ.

ಆದರೆ ವಿಮ್ ಬರೀ ನೆನಪುಗಳ ಮೂಟೆಯಲ್ಲ. ಅದಕ್ಕೊಂದು ವ್ಯಾಕರಣವಿದೆ, ನನ್ನನ್ನು ಹಿಡಿದಿಟ್ಟಿರುವುದು ಅದೇ. ಕೆಲವು ಕೀಲಿಗಳು ಕ್ರಿಯಾಪದಗಳು: ಡಿ ಅಳಿಸು, ಸಿ ಬದಲಿಸು, ವೈ ನಕಲು ಮಾಡಿಕೋ. ಕೆಲವು ನಾಮಪದಗಳು: ಡಬ್ಲ್ಯು ಪದ, ಎಸ್ ವಾಕ್ಯ, ಪಿ ಪ್ಯಾರಾ. ನಡುವೆ ಐ ಎಂದರೆ ‘ಒಳಗಿನದು’. ಸಿ, ಐ, ಎಸ್ ಎಂದು ಮೂರು ಕೀಲಿ ಒತ್ತಿದರೆ ‘ಈ ವಾಕ್ಯವನ್ನು ತೆಗೆ, ಬೇರೆ ಬರೆಯುತ್ತೇನೆ’ ಎಂದು ಹೇಳಿದಂತೆ. ಹತ್ತು ಕ್ರಿಯಾಪದ, ಇಪ್ಪತ್ತು ನಾಮಪದ ಕಲಿತರೆ ಇನ್ನೂರು ಮಾತು ಆಡಬಹುದು. ಶಾರ್ಟ್‌ಕಟ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಎಡಿಟರುಗಳ ನಡುವೆ ಇದು ಮಾತಾಡಲು ಕಲಿಸುತ್ತದೆ.

ಆ ಮಾತು ಇಂಗ್ಲಿಷಿನದು. ಅಕ್ಷರಗಳು ಇಂಗ್ಲಿಷ್ ಪದಗಳ ಮೊದಲಕ್ಷರಗಳು ಎಂಬುದು ಹೊರಗಿನ ಸಂಗತಿ. ವಾಕ್ಯದ ಜೋಡಣೆಯೇ ಇಂಗ್ಲಿಷಿನದು. ಮೊದಲು ‘ಅಳಿಸು’, ಆಮೇಲೆ ‘ಪದವನ್ನು’. ನಾವು ‘ಪದವನ್ನು ಅಳಿಸು’ ಎನ್ನುವವರು. ಯಾವುದು ಎಂದು ತೋರಿಸಿ, ಕಡೆಗೆ ಏನು ಮಾಡಬೇಕೆಂದು ಹೇಳುವವರು. ಮೊದಮೊದಲು ನಾನು ಡಿ ಒತ್ತಿದ ಮೇಲೆ ಅರೆಕ್ಷಣ ತಡೆಯುತ್ತಿದ್ದೆ. ಅಳಿಸು ಅಂದಾಯಿತು, ಏನನ್ನು? ಕಕೂನ್, ಹೀಲಿಕ್ಸ್ ಎಂಬ ಈಚಿನ ಎಡಿಟರುಗಳು ಈ ಕ್ರಮವನ್ನು ತಿರುಗಿಸಿವೆ. ಅಲ್ಲಿ ಮೊದಲು ಡಬ್ಲ್ಯು, ಪದ ಬಣ್ಣಗೊಂಡು ಕಾಣುತ್ತದೆ, ಆಮೇಲೆ ಡಿ. ಅದನ್ನು ಮಾಡಿದವರು ಕನ್ನಡವನ್ನು ಯೋಚಿಸಿ ಮಾಡಿದ್ದಲ್ಲ, ತಪ್ಪು ಅಳಿಸುವ ಮೊದಲೇ ಕಣ್ಣಿಗೆ ಕಾಣಲಿ ಎಂದು ಮಾಡಿದ್ದು. ಆದರೂ ಮೊದಲ ಸಲ ಹೀಲಿಕ್ಸ್ ಬಳಸಿದಾಗ, ಪರವೂರಿನ ಬಸ್ಸಿನಲ್ಲಿ ಯಾರೋ ಕನ್ನಡದಲ್ಲಿ ‘ಸ್ವಲ್ಪ ಸರೀರಿ’ ಎಂದಂತೆ ಹಿತವಾಯಿತು. ಇದರಿಂದ ಎಡಿಟರಿಗೂ ಭಾಷಾಕುಟುಂಬಗಳಿಗೂ ಸಂಬಂಧ ಕಟ್ಟುವ ಸಿದ್ಧಾಂತವನ್ನು ಯಾರೂ ಮಾಡಬೇಡಿ, ನಾನಂತೂ ಮಾಡುತ್ತಿಲ್ಲ. ಹನ್ನೆರಡು ವರ್ಷದ ಬೆರಳುಗಳು ಮತ್ತೆ ವಿಮ್‌ಗೇ ಮರಳಿದವು.

ವಿರಾಮಚಿಹ್ನೆಯ ವಿಷಯದಲ್ಲೂ ಹೀಗೊಂದು ಅರ್ಧಂಬರ್ಧ ಪರಿಚಯವಿದೆ. ಹಳಗನ್ನಡ ಪದ್ಯಗಳಲ್ಲಿ ಬರುವ ಒಂಟಿಗೆರೆ, ಜೋಡಿಗೆರೆಗಳನ್ನು ವಿಮ್ ಪದದ ಭಾಗವೆಂದು ತಿಳಿಯುವುದಿಲ್ಲ. ಅದು ಚಿಹ್ನೆ ಎಂದು ಅದರ ಕೋಷ್ಟಕದಲ್ಲಿ ಬರೆದಿದೆ. ಆದರೆ ವಾಕ್ಯ ಎಲ್ಲಿ ಮುಗಿಯಿತು ಎಂದು ಕೇಳಿದರೆ ಚುಕ್ಕಿ, ಆಶ್ಚರ್ಯಸೂಚಕ, ಪ್ರಶ್ನಾರ್ಥಕ ಈ ಮೂರನ್ನೇ ಹುಡುಕುತ್ತದೆ. ಪಂಪನ ಪದ್ಯದೆದುರು ‘ವಾಕ್ಯವನ್ನು ಅಳಿಸು’ ಎಂದರೆ ಒಂದು ಸಾಲು ಕೇಳಿದವರಿಗೆ ಇಡೀ ಪದ್ಯ ಕೊಟ್ಟುಬಿಡುತ್ತದೆ.

ಇವನ್ನೆಲ್ಲ ತಿದ್ದಿಕೊಳ್ಳಬಹುದು, ವಿಮ್‌ನ ಹೆಚ್ಚುಗಾರಿಕೆಯೇ ಅದು. ‘ಕೀಮ್ಯಾಪ್’ ಎಂಬ ಸೌಲಭ್ಯವಿದೆ: ಕಂಪ್ಯೂಟರಿನ ಕೀಲಿಮಣೆ ಇಂಗ್ಲಿಷಿನಲ್ಲೇ ಇರುತ್ತದೆ, ಬರೆಯುವ ಸ್ಥಿತಿಯಲ್ಲಿ ಮಾತ್ರ ವಿಮ್ ತಾನೇ ಕನ್ನಡ ಮಾಡಿಕೊಡುತ್ತದೆ. ಅದಕ್ಕೆ ಕೋಷ್ಟಕ ಬರೆಯಬೇಕು. ಒಂದು ಭಾನುವಾರ ಕುಳಿತು ಕ, ಕಾ, ಕಿ, ಕೀ ಎಂದು ಒಂದೊಂದು ಸಾಲಿಗೂ ಒಂದೊಂದು ಬರೆಯತೊಡಗಿದೆ. ಒಂದನೇ ತರಗತಿಯ ಶಿಕ್ಷೆ ನಲವತ್ತರ ವಯಸ್ಸಿನಲ್ಲಿ. ಟ ವರ್ಗಕ್ಕೆ ಬರುವಷ್ಟರಲ್ಲಿ ಸಾಕಾಗಿ, ‘ಲ್ಯಾಂಗ್‌ಮ್ಯಾಪ್’ ಎಂಬ ಇನ್ನೊಂದು ದಾರಿ ಹಿಡಿದೆ. ಅದು ತಿರುವುಮುರುವು: ಕೀಲಿಮಣೆ ಕನ್ನಡದಲ್ಲೇ ಇರಲಿ, ಆಜ್ಞೆಯ ಸ್ಥಿತಿಯಲ್ಲಿ ಹ ಬಂದರೆ ಎಚ್ ಎಂದು ತಿಳಿ, ಜ ಬಂದರೆ ಜೆ ಎಂದು ತಿಳಿ. ಒಂದೇ ಸಾಲು ಸಾಕು. ಆವತ್ತಿನಿಂದ ‘ದಡ’ ಎಂದರೆ ಪದ ಅಳಿಯುತ್ತದೆ, ‘ದದ’ ಎಂದರೆ ಸಾಲೇ ಅಳಿಯುತ್ತದೆ.

ಆ ಒಂದು ಸಾಲು ತಲೆಗೇರಿತು. ಹಳಗನ್ನಡದ ಱ ಮತ್ತು ೞಗಳಿಗೆ ಬೇರೆ ಕೀಲಿಗಳನ್ನು ಕಟ್ಟಿಕೊಂಡೆ. (ಈ ೞಗೆ ಯುನಿಕೋಡ್ ಇಟ್ಟ ಅಧಿಕೃತ ಹೆಸರು ‘ಕನ್ನಡ ಲೆಟರ್ ಫಾ’! ಯಾರೋ ತಪ್ಪಾಗಿ ಹೆಸರಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅಲ್ಲಿನ ನಿಯಮ, ಹಾಗಾಗಿ ತಿದ್ದುಪಡಿಯನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ. ಈಮ್ಯಾಕ್ಸ್ ಎಡಿಟರಿನಲ್ಲಿ ಆ ಅಕ್ಷರದ ಮೇಲೆ ನಿಂತು ‘ಇದೇನು’ ಎಂದು ಕೇಳಿದರೆ ಇವತ್ತಿಗೂ ಫಾ ಎಂದೇ ಹೇಳುತ್ತದೆ.) ಅನಗತ್ಯ ಖಾಲಿ ಜಾಗಗಳನ್ನು ತೆಗೆಯಲು ಒಂದು ಕೀಲಿ, ಕೊನೆಗೆ ಕಸ ಗುಡಿಸಲು ಒಂದು ಕೀಲಿ.

ಆ ಕಸದ ವಿಷಯ ಹೇಳಬೇಕು.

ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರು ತಮ್ಮ ನೆನಪುಗಳನ್ನು ಬರೆದಿದ್ದರು. ಎಪ್ಪತ್ತೆಂಟರ ವಯಸ್ಸಿನಲ್ಲಿ ತಾವೇ ಟೈಪ್ ಮಾಡಿದ್ದು. ‘ಸ್ವಲ್ಪ ನೋಡಪ್ಪಾ, ಅಚ್ಚಿಗೆ ಹೋಗೋ ಹಾಗೆ ಮಾಡಿಕೊಡು’ ಎಂದು ಕಳಿಸಿದರು. ವಿಮ್‌ನಲ್ಲಿ ತೆರೆದರೆ ಪುಟಗಳ ತುಂಬ ಕೋನಾಕಾರದ ಆವರಣದೊಳಗೆ 200ಸಿ, 200ಸಿ ಎಂದು ಚೆಲ್ಲಿತ್ತು. ಅದು ಯುನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ. ಎರಡು ವ್ಯಂಜನಗಳ ನಡುವೆ ನಿಂತು, ಒತ್ತಾಗಬೇಡಿ, ಬಿಡಿಯಾಗಿರಿ ಎನ್ನುತ್ತದೆ. ‘ಪೋಸ್ಟ್‌ಮನ್’ ಎಂದು ಬರೆಯುವಾಗ ಟಕಾರದ ಕೆಳಗೆ ಮ ಒತ್ತಾಗಿ ಇಳಿಯದಂತೆ ಕಾಯುವುದು ಅದೇ. ಬೇರೆ ಎಡಿಟರುಗಳು ಅದನ್ನು ಅಡಗಿಸಿಡುತ್ತವೆ. ವಿಮ್ ಕಾಣದ್ದನ್ನು ಕಾಣಿಸುತ್ತದೆ. ಅದು ಪ್ರಾಮಾಣಿಕತೆ ಎಂದೇ ಇಂದಿಗೂ ನನ್ನ ಅಭಿಪ್ರಾಯ. ಆದರೆ ಅದು ಕಾಣಿಸುವ ರೀತಿ ಗೋಡೆಯ ಮೇಲಿನ ಎಲೆಅಡಿಕೆ ಕಲೆಯಂತಿರುತ್ತದೆ. ಓದುವವನ ಕೈ ತಾನಾಗಿ ಬಟ್ಟೆ ಹುಡುಕುತ್ತದೆ.

ಹಳೆಯ ಫಾಂಟಿನಿಂದ ಯುನಿಕೋಡಿಗೆ ತರುವಾಗ ಉಳಿದ ಕಸ ಎಂದುಕೊಂಡೆ. ಎಲ್ಲ 200ಸಿಗಳನ್ನು ಒಂದೇ ಏಟಿಗೆ ತೆಗೆಯುವ ಆಜ್ಞೆಯನ್ನು ಎಫ್8 ಕೀಲಿಗೆ ಕಟ್ಟಿದೆ. ಒಂದೆರಡು ದಿನ ಒತ್ತಿದೆ. ಆಮೇಲೆ ಅದೂ ಬೇಸರವಾಗಿ, ಕಡತ ಸೇವ್ ಆಗುವಾಗಲೆಲ್ಲ ಆ ಆಜ್ಞೆ ತಾನೇ ನಡೆಯುವಂತೆ ಸೆಟ್ಟಿಂಗ್ಸ್‌ನಲ್ಲಿ ಬರೆದಿಟ್ಟು ಮರೆತೆ. ‘ಪೋಸ್ಟ್‌ಮನ್’ಗಳು ಕೆಟ್ಟದ್ದು ನನಗೆ ಕಾಣಬೇಕಿತ್ತು. ಕಾಣಲಿಲ್ಲ, ಯಾಕೆಂದರೆ ನನ್ನ ಟರ್ಮಿನಲ್ ಒತ್ತಕ್ಷರಗಳನ್ನು ಎಂದೂ ಸರಿಯಾಗಿ ಜೋಡಿಸಿದ್ದಿಲ್ಲ. ಟರ್ಮಿನಲ್ ಎಂದರೆ ಸಮನಾದ ಚೌಕಗಳ ಹಾಳೆ. ನಮ್ಮ ಅಕ್ಷರಗಳು ಆ ಚೌಕಕ್ಕೆ ಕೂರುವುದಿಲ್ಲ. ಒಡೆದ ಅಕ್ಷರಗಳನ್ನೇ ಮನಸ್ಸಿನಲ್ಲಿ ಕೂಡಿಸಿ ಓದುವುದನ್ನು ನನ್ನ ಕಣ್ಣು ಕಲಿತುಬಿಟ್ಟಿತ್ತು. ಒಡೆದದ್ದೂ ಕೂಡಿದ್ದೂ ಅಲ್ಲಿ ಒಂದೇ ಥರ.

ಕರಡಿನ ಪ್ರಿಂಟ್ ಕಳಿಸಿದ ನಾಲ್ಕನೇ ದಿನ ಮೇಷ್ಟ್ರ ಫೋನು. ಬೈಯಲಿಲ್ಲ.

‘ನಮ್ಮವ್ವ ಒಂದೇ ಸಲಕ್ಕೆ ಓದೋದು ಕಲಿತುಬಿಟ್ಟಿದ್ದಾಳಲ್ಲಪ್ಪಾ, ನೀನು ಕಳಿಸಿದ್ರಲ್ಲಿ.’

ಒಂದು ಅಧ್ಯಾಯದಲ್ಲಿ ಅವರು ತಾಯಿಗೆ ಅಕ್ಷರ ಕಲಿಸಿದ್ದನ್ನು ಬರೆದಿದ್ದರು. ಆಕೆಗೆ ಆಗ ನಲವತ್ತೈದು, ಇವರಿಗೆ ಹದಿನಾರು. ಕಾಗುಣಿತ ಬಂತು, ಒತ್ತು ಬರಲಿಲ್ಲ. ಒಂದರ ಕೆಳಗೆ ಇನ್ನೊಂದು ಯಾಕೆ ಜೋತುಬೀಳಬೇಕು ಎಂದು ಆಕೆಯ ವಾದ. ಹಾಗಾಗಿ ಮಗ ಸ್ಲೇಟಿನ ಮೇಲೆ ಒತ್ತುಗಳನ್ನು ಬಿಡಿಸಿ ಬರೆಯುತ್ತಿದ್ದರು. ಅಕ್ಕ ಎಂದಲ್ಲ, ‘ಅಕ್‌ಕ’: ಮೊದಲು ಅರ್ಧ ಕ, ಅದರ ಪಕ್ಕದಲ್ಲಿ ಪೂರ್ತಿ ಕ. ‘ಎತ್‌ತು’, ‘ಹುತ್‌ತ’, ‘ಅಪ್‌ಪ’. ಆಕೆ ಪ್ರತಿ ಅರ್ಧಾಕ್ಷರದಲ್ಲೂ ನಿಂತು, ಉಸಿರೆಳೆದು ದಾಟುತ್ತಿದ್ದಳಂತೆ. ಹನ್ನೊಂದು ಪುಟದ ಆ ಅಧ್ಯಾಯದಲ್ಲಿ ಆಕೆ ಓದುವ ಕಡೆಯೆಲ್ಲ ಮೇಷ್ಟ್ರು ಒಂದು ಕೀಲಿ ಹೆಚ್ಚಾಗಿ ಒತ್ತಿ ಒತ್ತಿ ಹಾಗೆಯೇ ಟೈಪ್ ಮಾಡಿದ್ದರು. ಕೊನೆಯ ಪುಟದಲ್ಲಿ, ಒಂದು ಸಂಜೆ, ಆಕೆ ಮಗ ತೋರಿಸದೆಯೇ ಅಂಗಡಿಯ ಬೋರ್ಡೊಂದನ್ನು ನಿಲ್ಲದೆ ಓದುತ್ತಾಳೆ. ಅಲ್ಲಿ ಮಾತ್ರ ಒತ್ತು ಒತ್ತಾಗಿದೆ. ನನ್ನ ಕೀಲಿ ಮೊದಲ ಪುಟದಿಂದಲೇ ಎಲ್ಲವನ್ನೂ ಸರಿಪಡಿಸಿತ್ತು. ಅಧ್ಯಾಯದಲ್ಲಿ ಇನ್ನು ಏನೂ ನಡೆಯುತ್ತಿರಲಿಲ್ಲ.

ಅವರು ಆ ಹನ್ನೊಂದು ಪುಟವನ್ನು ಮತ್ತೆ ಕಳಿಸಿದರು. ನಾನು ಕ್ಷಮೆ ಕೇಳಿ, ತಂದು ಸೇರಿಸಿ, ಸೇವ್ ಮಾಡಿದೆ. ಎರಡನೇ ಪ್ರಿಂಟಿನಲ್ಲೂ ಆಕೆ ಸರಾಗವಾಗಿ ಓದುತ್ತಿದ್ದಳು. ಬರೆದಿಟ್ಟು ಮರೆತ ಸಾಲು ತನ್ನ ಕೆಲಸ ತಾನು ಮಾಡಿತ್ತು.

ಇದನ್ನು ಎಡಿಟರಿನ ದೋಷ ಎನ್ನಲಾರೆ. ಕಸ ಎಂದು ತೀರ್ಮಾನಿಸಿದವನು ನಾನು. ಆದರೆ ಆ ತೀರ್ಮಾನ ನನ್ನ ಕೈಯಲ್ಲಿದ್ದಾಗ ತಪ್ಪಷ್ಟೇ ಆಗಿತ್ತು. ಕೀಲಿಗೆ ಬಂದಾಗ ಅಭ್ಯಾಸವಾಯಿತು, ಸೆಟ್ಟಿಂಗ್ಸ್‌ಗೆ ಇಳಿದಾಗ ಕಾನೂನಾಯಿತು. ಒಬ್ಬ ಸಂಪಾದಕ ಲೇಖಕನ ಸಾಲನ್ನು ಹೊಡೆದುಹಾಕಿದರೆ ಹಾಳೆಯ ಮೇಲೆ ಗೀಟು ಉಳಿಯುತ್ತದೆ, ಜಗಳಕ್ಕೆ ಒಂದು ಜಾಗ ಉಳಿಯುತ್ತದೆ. ಇಲ್ಲಿ ಗೀಟಿಲ್ಲ. ಗ್ರಂಥಸಂಪಾದನೆಯ ತರಗತಿಗಳಲ್ಲಿ ಲಿಪಿಕಾರನ ಸ್ಖಾಲಿತ್ಯಗಳ ಬಗ್ಗೆ ಓದಿದ್ದೆ: ಓಲೆಗರಿ ನಕಲು ಮಾಡುವವನು ತನಗೆ ಅರ್ಥವಾಗದ ರೂಪವನ್ನು ತನಗೆ ಗೊತ್ತಿರುವ ರೂಪಕ್ಕೆ ತಿದ್ದಿಬಿಡುತ್ತಾನೆ. ಅವನ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಅಂಕ ಪಡೆದಿದ್ದೇನೆ.

ಅದಾದ ಮೇಲೆ ಸೆಟ್ಟಿಂಗ್ಸ್‌ಗಳನ್ನು ಓದುವ ರೀತಿ ಬದಲಾಯಿತು. ‘ಡೆಲ್‌ಕಂಬೈನ್’ ಎಂಬ ಒಂದನ್ನು ನೋಡಿ. ಅಕ್ಷರಕ್ಕೆ ಅಂಟಿಕೊಂಡ ಚಿಹ್ನೆಗಳನ್ನು ಅಕ್ಷರದ ಜೊತೆಗೇ ಅಳಿಸಬೇಕೋ, ಒಂದೊಂದಾಗಿ ಅಳಿಸಬೇಕೋ ಎಂಬ ಪ್ರಶ್ನೆ ಅದು. ‘ಸ್ತ್ರೀ’ ಎಂಬಲ್ಲಿ ಎಷ್ಟು ಅಕ್ಷರ? ನಮ್ಮ ಕಿವಿಗೆ ಒಂದು, ಸ್ಲೇಟಿಗೂ ಒಂದು. ನಾನು ಬಳಸುವ ವಿಮ್‌ನ ಡಿಫಾಲ್ಟ್‌ನಲ್ಲಿ ಮೂರು: ಸ್, ತ್, ರೀ. ಆ ಸೆಟ್ಟಿಂಗ್ ಹಾಕಿದರೆ ಆರು, ಏಕೆಂದರೆ ಎರಡು ಅರ್ಧಾಕ್ಷರ ಚಿಹ್ನೆಗಳೂ ದೀರ್ಘವೂ ಬೇರೆ ಬೇರೆ. ಒಂದು ಎಂದು ಎಣಿಸುವ ಆಯ್ಕೆ ಅಲ್ಲಿಲ್ಲ. ಮೇಷ್ಟ್ರ ತಾಯಿಯೂ ಮೂರು ಎಂದೇ ಎಣಿಸುತ್ತಿದ್ದಳೇನೋ. ಕೇಶಿರಾಜನನ್ನು ಕೇಳಬೇಕಾದ ಪ್ರಶ್ನೆಗೆ ಇಲ್ಲಿ ಹೌದು–ಇಲ್ಲ ಎಂಬ ಎರಡೇ ಉತ್ತರ.

ಬೇರೆಯವರ ಮನೆಯ ಕಥೆಯೂ ಹೆಚ್ಚು ಕಡಿಮೆ ಹೀಗೆಯೇ. 2021ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು, ಕಾಣದ ಯುನಿಕೋಡ್ ಸಂಕೇತಗಳನ್ನೂ ಒಂದರಂತೆ ಇನ್ನೊಂದು ಕಾಣುವ ಅಕ್ಷರಗಳನ್ನೂ ಬಳಸಿ ಪ್ರೋಗ್ರಾಮಿನೊಳಗೆ ಮೋಸ ಅಡಗಿಸಬಹುದೆಂದು ತೋರಿಸಿದರು. ಅದಾದ ಮೇಲೆ ವಿಎಸ್ ಕೋಡ್ ಎಡಿಟರಿಗೆ ಅಂಥ ಅಕ್ಷರಗಳ ಸುತ್ತ ಚೌಕ ಹಾಕಿ ಎಚ್ಚರಿಸುವ ಸೆಟ್ಟಿಂಗ್‌ಗಳು ಬಂದವು. ಅದು ಬೇಕಾದದ್ದೇ. ಆದರೆ ನೀವು ‘ನಂಬಿದ್ದೇನೆ’ ಎಂದು ಹೇಳದ ಫೋಲ್ಡರಿನೊಳಗಿನ ಕಡತವಾದರೆ, ಅದರ ಡಿಫಾಲ್ಟ್ ಪ್ರಕಾರ ಮೂಲ ಆಸ್ಕಿಗೆ ಸೇರದ ಪ್ರತಿ ಅಕ್ಷರವೂ ಅನುಮಾನಾಸ್ಪದ. ಒಂದು ಕನ್ನಡ ಕವಿತೆಯನ್ನು ಹಾಗೆ ತೆರೆದರೆ ಮೇಲೆ ಒಂದು ಪಟ್ಟಿ ಮೂಡಿ, ಇಲ್ಲಿ ಆಸ್ಕಿಯಲ್ಲದ ಅಕ್ಷರಗಳು ಬಹಳ ಇವೆ ಎನ್ನುತ್ತದೆ. ಹೌದು, ಬಹಳ ಇವೆ. ಒಂದು ಕ್ಲಿಕ್ಕಿನಲ್ಲಿ ಆರಿಸಬಹುದು, ದೂರು ದೊಡ್ಡದಲ್ಲ. ಆ ಎಚ್ಚರಿಕೆ ಬರೆದವರ ಕಣ್ಣಮುಂದೆ ಯಾರಿದ್ದರು, ಯಾರಿರಲಿಲ್ಲ ಎಂಬುದು ಮಾತ್ರ ಆ ಸಾಲಿನಲ್ಲಿ ಸ್ಪಷ್ಟವಾಗಿ ಓದಲು ಸಿಗುತ್ತದೆ.

ನನ್ನ ಕಣ್ಣಮುಂದೆ ನಾನೊಬ್ಬನೇ ಇದ್ದೆ. ಅದು ಗೊತ್ತಾದದ್ದು ಮೇಷ್ಟ್ರು ನಮ್ಮ ಮನೆಗೆ ಬಂದ ದಿನ. ಆ ಅಧ್ಯಾಯವನ್ನು ತಾವೇ ಕೂತು ಸರಿಮಾಡುತ್ತೇನೆಂದರು. ನನ್ನ ಕುರ್ಚಿಯಲ್ಲಿ ಕೂರಿಸಿದೆ. ಅವರು ಒಂದು ಅಕ್ಷರ ಒತ್ತಿದರು, ಪುಟ ಕೆಳಗೋಡಿತು. ಇನ್ನೊಂದು ಒತ್ತಿದರು, ಒಂದು ಪ್ಯಾರಾ ಹೋಯಿತು. ‘ಇದೇನಪ್ಪಾ, ಮುಟ್ಟಿದ್ರೆ ಮುನಿ ಥರ’ ಎಂದು ಕೈ ಹಿಂದಕ್ಕೆ ತೆಗೆದರು. ಕೆ.ಪಿ. ರಾವ್ ವಿನ್ಯಾಸ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು, ಆದರೆ ನನ್ನ ಹ, ಜ, ಕ, ಲಗಳು ಅವರ ಹ, ಜ, ಕ, ಲಗಳಾಗಿರಲಿಲ್ಲ.

ಈ ತೊಡಕು ಹಳೆಯದು. 1970ರ ದಶಕದ ನಡುವಿನಲ್ಲಿ ಎಂಐಟಿಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದಲ್ಲಿ ಟೆಕೊ ಎಂಬ ಎಡಿಟರಿತ್ತು, ಅದರಲ್ಲಿ ಪ್ರತಿಯೊಬ್ಬರೂ ತಮ್ಮದೇ ಆಜ್ಞೆಗಳನ್ನು ಕಟ್ಟಿಕೊಳ್ಳಬಹುದಿತ್ತು. ಕಟ್ಟಿಕೊಂಡರು. ಕೊನೆಗೆ ಒಬ್ಬರ ಟರ್ಮಿನಲ್ ಮುಂದೆ ಇನ್ನೊಬ್ಬರು ಕೂತು ನೆರವಾಗುವುದೇ ಕಷ್ಟವಾಯಿತು. ಗೈ ಸ್ಟೀಲ್ ಎಲ್ಲರ ಆಜ್ಞೆಗಳನ್ನು ಕಲೆಹಾಕಿ ಒಂದು ಸಾಮಾನ್ಯ ಗುಂಪು ಮಾಡಲು ಹೊರಟರು, ರಿಚರ್ಡ್ ಸ್ಟಾಲ್‌ಮನ್ ಅದನ್ನು ಮುಂದುವರಿಸಿದರು, 1976ರಲ್ಲಿ ಈಮ್ಯಾಕ್ಸ್ ಹುಟ್ಟಿತು. ಇಷ್ಟಬಂದಂತೆ ಬದಲಿಸಿಕೊಳ್ಳಬಹುದಾದ ಎಡಿಟರು ಎಂದು ಹೆಸರಾದದ್ದು, ಎಲ್ಲರೂ ಇಷ್ಟಬಂದಂತೆ ಬದಲಿಸಿಕೊಂಡದ್ದರ ಪರಿಹಾರವಾಗಿ ಬಂತು. ನಮ್ಮಲ್ಲೂ ಹಾಗೆಯೇ. ಒಂದೊಂದು ತಂತ್ರಾಂಶಕ್ಕೆ ಒಂದೊಂದು ವಿನ್ಯಾಸ ಎಂಬ ಕಾಲವನ್ನು ದಾಟಿ ಕೆ.ಪಿ. ರಾವ್ ಅವರದನ್ನು ಸರ್ಕಾರ ಮಾನ್ಯ ಮಾಡಿದ್ದರಿಂದಲೇ ಮೇಷ್ಟ್ರೂ ನಾನೂ ಒಂದೇ ಕೀಲಿಗೆ ಒಂದೇ ಅಕ್ಷರ ಎನ್ನುವಂತಾದದ್ದು. ಅದರ ಮೇಲೆ ನಾನು ನನ್ನ ಬೇಲಿ ಹಾಕಿಕೊಂಡಿದ್ದೆ.

ಆವತ್ತು ನನ್ನ ಸೆಟ್ಟಿಂಗ್ಸ್ ಕಡತದ ಹೆಸರು ಬದಲಿಸಿ, ಅದನ್ನು ಓದದಂತೆ ಮಾಡಿ ಒಂದು ಸಾದಾ ಎಡಿಟರು ತೆರೆದುಕೊಟ್ಟೆ. ಕೀಲಿಮಣೆ ಕನ್ನಡ, ಫಾಂಟು ದೊಡ್ಡದು, ಬೇರೇನೂ ಇಲ್ಲ. ಅವರು ಕನ್ನಡಕ ಏರಿಸಿಕೊಂಡು ಒಂದೊಂದೇ ಬೆರಳಿನಲ್ಲಿ ಶುರುಮಾಡಿದರು. ಪ್ರತಿ ಒತ್ತಿನ ಬಳಿ ನಿಂತು, ಬಿಡಿಸುವ ಕೀಲಿ ಒತ್ತಿ, ತೆರೆಯಲ್ಲಿ ಅಕ್ಷರ ಬೇರೆಯಾಯಿತೇ ಎಂದು ನೋಡಿ, ಮುಂದಕ್ಕೆ. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ‘ಎಫ್8 ಏನ್ ಮಾಡುತ್ತೆ?’ ಎಂದು ನಡುವೆ ಕೇಳಿದರು.

‘ಈಗ ಏನೂ ಮಾಡಲ್ಲ ಮೇಷ್ಟ್ರೇ’ ಎಂದೆ.

ಸಂಜೆ ಏಳಕ್ಕೆ ಮೂರನೇ ಪುಟದಲ್ಲಿದ್ದರು. ಉಳಿದದ್ದಕ್ಕೆ ಭಾನುವಾರ ಬರುತ್ತೇನೆಂದು ಹೇಳಿ ಹೋದರು.